ಬಿಕ್ಕಲಂ

2025ರ ಫೆಬ್ರುವರಿ ಮೊದಲ ವಾರ. ಹಳೇಬೀಡಿನಿಂದ ಅರಸೀಕೆರೆಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಜಾವಗಲ್ ದಾಟಿ ಸ್ವಲ್ಪ ದೂರ ಬಂದಿರಬೇಕು, ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರೊಂದು ತಿರುಗಿಸಿಕೊಳ್ಳಲಾಗದೆ ರಸ್ತೆಗೆ ಅಡ್ಡ ನಿಂತಿತ್ತು. ನಮ್ಮ ಬಸ್ಸೂ ನಿಂತಿತು. ಪಕ್ಕದಲ್ಲೇ ಒಂದು ಹೆಂಚಿನ ಮನೆ. ಸುಣ್ಣ ಮಾಸಿದ ಗೋಡೆಯ ಮೇಲೆ ಮೊಳದುದ್ದದ ಕೆಂಪು ಅಕ್ಷರಗಳಲ್ಲಿ ‘ಈ ಮನೆ ಅಡಮಾನವಾಗಿದೆ’ ಎಂದು ಬರೆದಿದ್ದರು. ಕೆಳಗೆ ಯಾವುದೋ ಫೈನಾನ್ಸಿನ ಹೆಸರು. ಬಣ್ಣ ತೆಳುವಾಗಿದ್ದಿರಬೇಕು, ಒಂದೊಂದು ಅಕ್ಷರದ ಬುಡದಿಂದಲೂ ಇಳಿದು ಜಗಲಿಯವರೆಗೆ ಬಂದಿತ್ತು. ಜಗಲಿ ಮೇಲೆ ಒಬ್ಬ ಹೆಂಗಸು ಬಸ್ಸಿಗೆ ಬೆನ್ನು ಮಾಡಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಬಸ್ಸಿನಲ್ಲಿದ್ದವರೆಲ್ಲ ಆ ಗೋಡೆಯನ್ನು ಓದಿದರು. ಒಬ್ಬರೂ ಏನೂ ಅನ್ನಲಿಲ್ಲ.

ಅಡಮಾನ. 1984ರಲ್ಲಿ ನಾನು ಬರೆಯದೆ ಬಿಟ್ಟ ಪದ ಅದು.

2025ರ ಆ ದಿನಗಳಲ್ಲಿ ಪೇಪರು, ಟೀವಿ ತುಂಬ ಇದೇ ಸುದ್ದಿ. ಕಂತು ಕಟ್ಟಲಿಲ್ಲವೆಂದು ಮನೆಗೆ ಬೀಗ ಜಡಿದರು, ಬಾಣಂತಿಯನ್ನೂ ಕೂಸನ್ನೂ ಹೊರಗೆ ಕೂರಿಸಿದರು, ಊರಿಗೆ ಊರೇ ಖಾಲಿಯಾಯಿತು ಎಂದು ರಾಜ್ಯದ ನಾನಾ ಮೂಲೆಯಿಂದ ವರದಿ ಬರುತ್ತಿದ್ದವು. ಓದಿ ಮಡಿಚಿಡುತ್ತಿದ್ದೆ. ಗೋಡೆಯ ಮೇಲೆ ನೋಡಿದಾಗ ಮಡಿಚಿಡಲು ಆಗಲಿಲ್ಲ.

ನಾನು ಹಳೇಬೀಡಿಗೆ ಹೋಗಿದ್ದೂ ಮನೆಯ ಕಾಗದದ ಕೆಲಸಕ್ಕೇ. ದೊಡ್ಡಮ್ಮನ ಮಗನ ಮನೆ ಹೊಯ್ಸಳೇಶ್ವರ ದೇವಸ್ಥಾನದಿಂದ ನೂರು ಮೀಟರಿನೊಳಗೆ ಬರುತ್ತದೆ. ಹಿಂದಿನ ಮಳೆಗಾಲದಲ್ಲಿ ಅಡುಗೆಮನೆ ಗೋಡೆ ಕುಸಿದು ಬಿದ್ದಿತ್ತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿ ಬಂದ ಮೇಲೆ ಅಪ್ಪಣೆಯಿಲ್ಲದೆ ಕಟ್ಟಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆದರೆ ಅದೇ ಕಾಯ್ದೆಯಲ್ಲಿ ಒಂದು ಬಾಗಿಲು ಇದೆ: 1992ರ ಜೂನ್ 16ಕ್ಕೆ ಮುಂಚಿನಿಂದ ಇದ್ದ ಮನೆಯಾದರೆ ದುರಸ್ತಿಗೆ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ಅಣ್ಣನಿಗೆ ಜೈಲಿನ ವಿಷಯ ಯಾರೋ ಹೇಳಿದ್ದರು, ಬಾಗಿಲಿನ ವಿಷಯ ಯಾರೂ ಹೇಳಿರಲಿಲ್ಲ. ಎರಡು ಮಳೆಗಾಲದ ನಡುವೆ ಟಾರ್ಪಾಲು ಕಟ್ಟಿಕೊಂಡು ಅತ್ತಿಗೆ ಅಡುಗೆ ಮಾಡುತ್ತಿದ್ದರು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಊರಲ್ಲಿ ಎಲ್ಲರ ಜೊತೆ ಅವರೂ ಸಂತೋಷಪಟ್ಟವರೇ. ಆ ಕಲ್ಲು ಉಳಿಯಬೇಕು, ಅದರಲ್ಲಿ ನನಗೂ ಎರಡು ಮಾತಿಲ್ಲ. ಅದರ ನೆರಳಲ್ಲಿ ಒಲೆ ಹಚ್ಚುವವರ ಗೋಡೆಯೂ ನಿಲ್ಲಬೇಕು. ಮನೆ ಹಳೆಯದೆಂದು ತೋರಿಸಲು ದಾಖಲೆ ಹುಡುಕಿದೆವು. ದೊಡ್ಡಮ್ಮನ ಟ್ರಂಕಿನಲ್ಲಿ, ಅರಿಶಿನದ ಕೊಂಬುಗಳ ನಡುವೆ, 1979ರ ಮನೆಗಂದಾಯದ ರಸೀದಿ ಸಿಕ್ಕಿತು. ಅದರ ಜೆರಾಕ್ಸ್ ಇಟ್ಟು ಅರ್ಜಿ ಬರೆದುಕೊಟ್ಟು ಬಸ್ಸು ಹತ್ತಿದ್ದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನ ಜಾವಗಲ್‌ವರೆಗೆ ಇತ್ತು.

ಪಿಯುಸಿ ಮುಗಿಸಿ ಮುಂದೆ ಓದಲು ಮನೆಯಲ್ಲಿ ಅನುಕೂಲವಿಲ್ಲದೆ 1982ರಲ್ಲಿ ನಾನು ಅರಸೀಕೆರೆಯಲ್ಲಿ ಒಬ್ಬ ಪತ್ರ ಬರಹಗಾರರ ಕೈಕೆಳಗೆ ಸೇರಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಮರದ ಕೆಳಗೆ ಅವರ ಮೇಜು. ಒಂದು ಕಾಲು ಮೋಟಾದ್ದರಿಂದ ಅದಕ್ಕೊಂದು ಇಟ್ಟಿಗೆ ಚೂರು. ಅರಸೀಕೆರೆ ಜಂಕ್ಷನ್ನು, ಬೆಂಗಳೂರು, ಹುಬ್ಬಳ್ಳಿ, ಮೈಸೂರು ಕಡೆಯ ರೈಲುಗಳ ಕೂಗು ದಿನವಿಡೀ ಕೇಳುತ್ತಿತ್ತು. ಕೊಬ್ಬರಿ ಮಾರಾಟದ ದಿನ ಜನ ಜಾಸ್ತಿ. ಕೈಯಲ್ಲಿ ದುಡ್ಡು ಇದ್ದವರು ಕೊಳ್ಳಲು, ಇಲ್ಲದವರು ಮಾರಲು ಅದೇ ದಿನ ಬರುತ್ತಿದ್ದರು.

ಎಲ್ಲರೂ ಅವರನ್ನು ಶಾನುಭೋಗರು ಎಂದೇ ಕರೆಯುತ್ತಿದ್ದರು. ಅವರ ಮನೆತನಕ್ಕೆ ಮೂರು ಹಳ್ಳಿಯ ಶಾನುಭೋಗಿಕೆ ಇತ್ತಂತೆ. ಗ್ರಾಮಾಧಿಕಾರಗಳನ್ನು ರದ್ದು ಮಾಡಿದ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದಾಗ ಅದು ಹೋಯಿತು, ಅಕ್ಷರ ಉಳಿಯಿತು. ಆ ಅಕ್ಷರವನ್ನು ನನಗೆ ಧಾರೆ ಎರೆದರು. ಛಾಪಾ ಕಾಗದದ ಮೇಲೆ ಎಡಗಡೆ ಎಷ್ಟು ಅಂಚು ಬಿಡಬೇಕು, ಸಾಲಿನ ಕೊನೆಯಲ್ಲಿ ಜಾಗ ಉಳಿದರೆ ಮತ್ತೊಬ್ಬರು ಪದ ತೂರಿಸದಂತೆ ಹೇಗೆ ಗೀಟು ಎಳೆಯಬೇಕು, ಚಿತ್ತಾದರೆ ಎಲ್ಲಿ ಷರಾ ಬರೆದು ರುಜು ಹಾಕಿಸಬೇಕು, ಮೊಬಲಗನ್ನು ಅಂಕಿಯಲ್ಲೂ ಅಕ್ಷರದಲ್ಲೂ ಯಾಕೆ ಬರೆಯಬೇಕು, ಎಲ್ಲ ಕಲಿಸಿದರು. ಚೆಕ್ಕುಬಂದಿ ಬರೆಯುವಾಗ ಮಾತ್ರ ಬಹಳ ಕಟ್ಟುನಿಟ್ಟು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಿತ್ತಲು, ದಕ್ಷಿಣಕ್ಕೆ ರಸ್ತೆ. ಕಣ್ಣು ಮುಚ್ಚಿ ಆ ಮನೆಯ ಮುಂದೆ ನಿಂತ ಹಾಗೆ ಮಾಡಿಕೊಂಡು ಬರಿ ಎನ್ನುತ್ತಿದ್ದರು.

ಒಂದು ಭಾನುವಾರ ಊರೊಳಗಿನ ಶಿವಾಲಯಕ್ಕೆ ಕರೆದುಕೊಂಡು ಹೋಗಿದ್ದರು. 1220ರ ಹೊಯ್ಸಳರ ಗುಡಿ. ಅಲ್ಲಿನ ಶಾಸನದ ಮೇಲೆ ಬೆರಳಿಟ್ಟು, ‘ಇದೂ ರಿಜಿಸ್ಟ್ರೇ ಕಣೋ’ ಎಂದರು. ದತ್ತಿ ಕೊಟ್ಟವರು, ಪಡೆದವರು, ಎಲ್ಲೆ, ಸಾಕ್ಷಿ. ಕೊನೆಗೆ, ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗುತ್ತಾನೆಂಬ ಶಾಪ. ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ನಾವು ಕ್ರಯಪತ್ರದಲ್ಲಿ ಬರೆಯುತ್ತಿದ್ದ ಸಾಲೂ ಅಂಥ ಶಾಸನಗಳ ಕಾಲದಿಂದಲೇ ಬಂದದ್ದು. ನಾನು ಹಿಗ್ಗಿಹೋದೆ. ಎಂಟುನೂರು ವರ್ಷದ ಕಸುಬಿನಲ್ಲಿ ನಾನೂ ಒಬ್ಬ ಅನ್ನಿಸಿತ್ತು.

ಪತ್ರದ ಕೊನೆಯಲ್ಲಿ, ಸಾಕ್ಷಿಗಳ ರುಜುವಿನ ಕೆಳಗೆ, ಬರೆದವರ ಹೆಸರು ಬರುತ್ತದೆ. ಅದರ ಹಿಂದೆ ಬಿಕ್ಕಲಂ ಎಂಬ ಪದ. ಇಂಥವರ ಲೇಖನಿಯಿಂದ ಎಂದು ಅರ್ಥ, ಫಾರ್ಸಿಯಿಂದ ಬಂದದ್ದು. ಪರವಾನಗಿ ಅವರದಾದ್ದರಿಂದ ನಾನು ಬರೆದ ಪತ್ರಗಳ ಬಿಕ್ಕಲಂ ಎಲ್ಲ ಅವರ ಹೆಸರಿನಲ್ಲೇ. ಎಂದಾದರೊಂದು ದಿನ ನನ್ನ ಹೆಸರೂ ಅಲ್ಲಿ ಬರಬೇಕೆಂದು ಆಸೆಪಡುತ್ತಿದ್ದೆ.

1984ರ ಬೇಸಿಗೆಯಲ್ಲಿ ಒಬ್ಬ ಸಾಹುಕಾರರ ಜೊತೆ ಒಬ್ಬ ಹೆಂಗಸು ಬಂದರು. ಆಯಮ್ಮನದು ಬಾಣಾವರದ ಆಚೆಯ ಊರು. ಗಂಡ ಸತ್ತು ಏಳೆಂಟು ವರ್ಷವಾಗಿತ್ತು. ಮಂಡಿಯಲ್ಲಿ ಕಾಯಿ ಸುಲಿದು, ಕೊಬ್ಬರಿ ಹೆರೆದು ಸಂಸಾರ ತೂಗುತ್ತಿದ್ದರು. ಅಂಗೈಯಲ್ಲಿ ಚಿಪ್ಪಿನ ಗಾಯದ ಗೆರೆಗಳು, ಹಸ್ತರೇಖೆ ಯಾವುದು ಗಾಯ ಯಾವುದು ಗೊತ್ತಾಗದಷ್ಟು. ಮಗಳ ಮದುವೆಗೆ ನಾಲ್ಕು ಸಾವಿರ ಸಾಲ ಬೇಕಿತ್ತು. ಇದ್ದದ್ದು ಎರಡಂಕಣದ ಮನೆ, ಹಿತ್ತಲಲ್ಲಿ ಒಂದು ತೆಂಗಿನ ಮರ. ಸಾಹುಕಾರರು ಕೊಡಲು ಒಪ್ಪಿದ್ದರು, ಆದರೆ ಕ್ರಯಪತ್ರ ಆಗಬೇಕು. ದುಡ್ಡು ತೀರಿಸಿದ ದಿನ ಮನೆ ವಾಪಸ್ಸು ಬರೆದುಕೊಡುತ್ತೇವೆಂಬುದು ಬಾಯಿಮಾತು. ಅಲ್ಲಿಯವರೆಗೆ ಆಯಮ್ಮ ಅದೇ ಮನೆಯಲ್ಲಿ ಬಾಡಿಗೆಗೆ ಇರಬಹುದು. ಬಡ್ಡಿಯ ಲೆಕ್ಕವೇ ಬಾಡಿಗೆ.

ಇಂಥ ಪತ್ರಗಳು ಆಗ ತಿಂಗಳಿಗೆ ಒಂದೆರಡಾದರೂ ನಮ್ಮ ಮೇಜಿಗೆ ಬರುತ್ತಿದ್ದವು. ಯಾಕೆಂದು ಶಾನುಭೋಗರೇ ಹಿಂದೊಮ್ಮೆ ಬಿಡಿಸಿ ಹೇಳಿದ್ದರು. ಬರೀ ಪ್ರೋನೋಟಿನ ಮೇಲೆ ಸಾಲ ಕೊಟ್ಟು ಕೋರ್ಟಿನಲ್ಲಿ ಡಿಕ್ರಿ ತಂದರೂ, ಕೂಲಿ ಮಾಡುವವರು ವಾಸವಿರುವ ಮನೆಯನ್ನು ಜಪ್ತಿ ಮಾಡಲು ಬರುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲೇ ಅದು ಇದೆ. ಅದರ ಮೇಲೆ ದೇವರಾಜ ಅರಸರ ಸರ್ಕಾರ 1976ರಲ್ಲಿ ಋಣ ಪರಿಹಾರ ಕಾಯ್ದೆ ತಂದು ಸಣ್ಣ ರೈತರ, ಭೂಮಿಯಿಲ್ಲದ ಕೂಲಿಗಳ ಸಾಲವನ್ನೇ ಮನ್ನಾ ಮಾಡಿತು, ಒತ್ತೆ ಇಟ್ಟ ಒಡವೆ ಪಾತ್ರೆ ವಾಪಸ್ಸು ಕೊಡಿಸಿತು. ಅರಸೀಕೆರೆಯ ಬೀದಿಯಲ್ಲಿ ಹೆಂಗಸರು ತಮ್ಮ ತಮ್ಮ ಚೊಂಬು, ಕೊಳಗ ಎದೆಗವಚಿಕೊಂಡು ಹೋದದ್ದನ್ನು ನೋಡಿದ್ದೆ ಎನ್ನುತ್ತಿದ್ದರು. ಸಾಲ ಕೊಡುವವರು ಪಾಠ ಕಲಿತರು. ಸಾಲವೆಂದು ಬರೆದರೆ ತಾನೇ ಮನ್ನಾ? ಅಡಮಾನವೆಂದು ಬರೆದರೆ ತಾನೇ ಬಿಡಿಸಿಕೊಳ್ಳುವುದು? ಅಂದಿನಿಂದ ಸಾಲದ ಹೆಸರು ಕ್ರಯ ಎಂದಾಯಿತು. ಬಡವರಿಗೆಂದು ಹಾಕಿದ ಬೇಲಿಯ ಸಂದಿನಲ್ಲಿ ನುಸುಳಲು ಒಂದು ಒಕ್ಕಣೆ ಬೇಕಿತ್ತು. ಅದನ್ನು ಬರೆದುಕೊಡುತ್ತಿದ್ದವರು ನಾವು.

ಪತ್ರ ನಾನೇ ಬರೆದೆ. ಎರಡು ಹಾಳೆ. ಒಂದು ಚಿತ್ತಿಲ್ಲ. ಕ್ರಯದ ಹಣವನ್ನೆಲ್ಲ ಪಡೆದು, ಸ್ವತ್ತನ್ನು ಈ ದಿವಸವೇ ಸ್ವಾಧೀನಕ್ಕೆ ಬಿಟ್ಟುಕೊಟ್ಟು, ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇಲ್ಲವೆಂದು ಆಯಮ್ಮನ ಬಾಯಲ್ಲಿ ನಾನು ಬರೆದೆ. ಓದಿಹೇಳುವುದು ನಿಯಮ. ಓದಿದೆ. ಮುಗಿದ ಮೇಲೆ ಆಯಮ್ಮ ಸಾಹುಕಾರರ ಕಡೆಗೂ ಶಾನುಭೋಗರ ಕಡೆಗೂ ನೋಡದೆ ನನ್ನನ್ನು ಕೇಳಿದರು:

‘ಮರಿ, ದುಡ್ಡು ಕೊಟ್ ದಿನ ಮನೆ ವಾಪಸ್ಸು ಅಂತ ಅದ್ರಾಗೆ ಬರ್ದೈತಾ?’

ಶಾನುಭೋಗರು ಚಷ್ಮಾ ಒರೆಸಿಕೊಳ್ಳುತ್ತಿದ್ದರು. ಸಾಹುಕಾರರು ಜೇಬಿನಿಂದ ನೋಟಿನ ಕಟ್ಟು ತೆಗೆದು ಎಣಿಸತೊಡಗಿದರು. ನನಗೆ ಇಪ್ಪತ್ತು ವರ್ಷ. ಇಲ್ಲ ಎಂಬ ಒಂದು ಪದ ಸಾಕಿತ್ತು.

‘ಎಲ್ಲ ಸರಿಯಾಗಿದೆ ಅಮ್ಮ. ಹೆಬ್ಬೆಟ್ಟು ಒತ್ತಿ’ ಎಂದೆ.

ಒತ್ತಿದರು. ಒಳಗೆ ಅಧಿಕಾರಿಗಳು ಹಣ ಬಂತಾ, ಒಪ್ಪಿಗೆಯಾ ಎಂದು ಕೇಳಿದ್ದಕ್ಕೂ ಹೂಂ ಎಂದರು. ಹೊರಗೆ ಬಂದು ಶಾಯಿ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು, ಹೋಗುವಾಗ ನನ್ನ ಕೈಗೆ ಒಂದು ರೂಪಾಯಿ ಇಟ್ಟರು. ಅಕ್ಷರ ಮುತ್ತಿನಂಗೈತೆ ಮಗ ಎಂದರು. ಓದಲು ಬಾರದ ಆಯಮ್ಮ ನನ್ನ ಅಕ್ಷರವನ್ನು ಹೊಗಳಿದರು.

ಎರಡು ವರ್ಷದ ಮೇಲೆ, 1986ರಲ್ಲಿ, ಸೆರಗಿನ ಗಂಟಿನಲ್ಲಿ ದುಡ್ಡು ಕಟ್ಟಿಕೊಂಡು ಮತ್ತೆ ಬಂದರು. ಆ ಹೊತ್ತಿಗೆ ಸಾಹುಕಾರರು ಮನೆಯನ್ನು ಬೇರೆಯವರಿಗೆ ಮಾರಿ ಆಗಿತ್ತು. ಸಾಹುಕಾರರ ಮನೆ ಬಾಗಿಲಿಂದ ನೇರ ನಮ್ಮ ಮೇಜಿಗೆ ಬಂದು ಪತ್ರದ ನಕಲು ನನ್ನ ಮುಂದಿಟ್ಟು, ‘ಓದು ಮರಿ, ಎಲ್ಲೈತೆ ನೋಡಾನ’ ಎಂದರು. ಮೊದಲಿನಿಂದ ಕೊನೆಯವರೆಗೆ ಓದಿದೆ. ಮತ್ತೊಂದ್ಸಲ ಓದು ಎಂದರು. ಮತ್ತೆ ಓದಿದೆ. ಚೆಕ್ಕುಬಂದಿ ಬಂದಾಗ, ‘ಹೂಂ, ಅದೇ, ಪೂರ್ವಕ್ಕೆ ನಮ್ ಭಾವನ ಮನೆ’ ಎಂದು ತಲೆಯಾಡಿಸಿದರು. ಅಷ್ಟು ಸರಿಯಾಗಿ ಬರೆದಿದ್ದೆ. ಅಳಲಿಲ್ಲ, ಬೈಯಲಿಲ್ಲ. ‘ನೀನೇ ಅಲ್ವಾ ಬರ್ದಿದ್ದು’ ಎಂದು ಮಾತ್ರ ಅಂದು ಎದ್ದು ಹೋದರು. ಶಾನುಭೋಗರು ಆ ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ.

ಬಹಳ ವರ್ಷ ನಾನು ಎಲ್ಲವನ್ನೂ ಅವರ ತಲೆಗೇ ಕಟ್ಟಿದ್ದೆ. ಪರವಾನಗಿ ಅವರದು, ಒಕ್ಕಣೆ ಅವರದು, ಬಿಕ್ಕಲಂ ಅವರದು ಎಂದು. ಈಗ ಹಾಗನ್ನಲಾರೆ. ಬರೆಸಿಕೊಳ್ಳುವವರು ಸಾಹುಕಾರರು, ಕೂಲಿ ಕೊಡುವವರೂ ಅವರೇ. ನಾವಲ್ಲದಿದ್ದರೆ ಪಕ್ಕದ ಮೇಜಿನವರು ಬರೆಯುತ್ತಿದ್ದರು. ಅದು ಅವರ ಅಸಹಾಯಕತೆ, ನಿಜ. ನನ್ನನ್ನು ಮನೆಯ ಮಗನಂತೆ ಕಂಡರು, ಹಬ್ಬಕ್ಕೆ ಬಟ್ಟೆ ಕೊಡಿಸಿದರು, ಜ್ವರ ಬಂದಾಗ ಮನೆಯಲ್ಲಿ ಮಲಗಿಸಿಕೊಂಡರು. ಆದರೆ ಆಯಮ್ಮ ಪ್ರಶ್ನೆ ಕೇಳಿದ್ದು ಅವರನ್ನಲ್ಲ.

1987ರಲ್ಲಿ ಅರಸೀಕೆರೆ ಬಿಟ್ಟು ಹಾಸನದಲ್ಲಿ ಒಬ್ಬ ವಕೀಲರ ಗುಮಾಸ್ತನಾದೆ. ಅಲ್ಲಿ ಮೂವತ್ತು ವರ್ಷ. ಕಾಯ್ದೆ ಪುಸ್ತಕಗಳ ಧೂಳು ಒರೆಸುತ್ತ, ಅರ್ಜಿ ಟೈಪು ಮಾಡುತ್ತ, ನಾನು ಬರೆದದ್ದೇನು ಎಂಬುದು ಒಂದೊಂದಾಗಿ ಗೊತ್ತಾಗುತ್ತ ಬಂತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮಿನಲ್ಲಿ ಷರತ್ತಿನ ಕ್ರಯವೆಂಬ ಅಡಮಾನವಿದೆ. ಹಣ ಹಿಂತಿರುಗಿಸಿದರೆ ಸ್ವತ್ತು ವಾಪಸ್ಸು ಎಂಬ ಷರತ್ತು ಆ ಪತ್ರದೊಳಗೇ ಇರಬೇಕು, ಬೇರೆ ಚೀಟಿಯಲ್ಲಿದ್ದರೆ ಅದು ಅಡಮಾನವಾಗದು ಎಂದು 1929ರಲ್ಲಿ ಸೇರಿಸಿದರು. ಅಂದರೆ ನಾನು ಬಿಟ್ಟದ್ದು ಒಂದೇ ಒಂದು ಸಾಲು. ಆ ಸಾಲಿದ್ದಿದ್ದರೆ ಇದು ಅಡಮಾನವೆಂದು ವಾದಿಸಬಹುದಿತ್ತು, ಅಡಮಾನವೆಂದಾದರೆ ಬಿಡಿಸಿಕೊಳ್ಳಲು ಮೂವತ್ತು ವರ್ಷದ ಅವಧಿ ಇರುತ್ತಿತ್ತು.

ಇನ್ನೊಂದು ಸಂಗತಿ ತಿಳಿದದ್ದು 1991ರಲ್ಲಿ. ವಕೀಲರು ಯಾವುದೋ ದಾವೆಗೆ ವಾದಪತ್ರ ಹೇಳಿ ಬರೆಸುತ್ತಿದ್ದರು. ನಡುವೆ ಸುಪ್ರೀಂ ಕೋರ್ಟಿನ ಒಂದು ತೀರ್ಪಿನ ಉಲ್ಲೇಖ ಬಂತು. ಇಬ್ಬರು ಹೆಂಗಸರ ನಡುವಿನ ವ್ಯಾಜ್ಯ. ಸಾಲಕ್ಕಾಗಿ ಮನೆಯನ್ನು ಕ್ರಯವೆಂದು ಬರೆದುಕೊಟ್ಟಿದ್ದಾರೆ, ಮಾರುವ ಉದ್ದೇಶ ಇಬ್ಬರಿಗೂ ಇರಲಿಲ್ಲ. ಪತ್ರ ಬರೀ ತೋರಿಕೆಯದು ಎಂದು ಬಾಯಿಮಾತಿನ ಸಾಕ್ಷ್ಯದಿಂದಲೂ ತೋರಿಸಿಕೊಡಬಹುದು ಎಂದು ಕೋರ್ಟು ಹೇಳಿತ್ತು. ತೀರ್ಪಿನ ವರ್ಷ 1981. ನನ್ನ ಬೆರಳು ಟೈಪ್‌ರೈಟರಿನ ಮೇಲೆ ನಿಂತುಬಿಟ್ಟಿತು. ನಾನು ಆ ಪತ್ರ ಬರೆಯುವ ಮೂರು ವರ್ಷ ಮುಂಚೆಯೇ, ಆಯಮ್ಮ ಸೆರಗಿನ ಗಂಟು ಬಿಚ್ಚಿ ನನ್ನೆದುರು ಕೂತ ದಿನಕ್ಕೆ ಐದು ವರ್ಷ ಮುಂಚೆಯೇ, ಆ ಮಾತು ದೆಹಲಿಯಲ್ಲಿ ಅಚ್ಚಾಗಿತ್ತು. ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆಂದು ಸಂವಿಧಾನಕ್ಕೆ 39ಎ ಸೇರಿದ್ದೂ 1976ರಲ್ಲೇ. ದಿನವಿಡೀ ಎಷ್ಟೋ ರೈಲು ಅರಸೀಕೆರೆಯಲ್ಲಿ ನಿಲ್ಲುತ್ತಿದ್ದವು. ಆ ಮಾತು ಮಾತ್ರ ನಮ್ಮ ಮರದ ಕೆಳಗೆ ಇಳಿಯಲಿಲ್ಲ.

1994ರಲ್ಲಿ ನೋಟೀಸು ಜಾರಿಯ ಕೆಲಸವೊಂದಕ್ಕೆ ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆ ಹೋಗಿದ್ದೆ. ಕಾಫಿ ಹೂ ಬಿಟ್ಟ ದಿನಗಳು, ಬೆಟ್ಟದ ಬದಿಯೆಲ್ಲ ಬೆಳ್ಳಗೆ, ಘಮ. ಒಂದು ಎಸ್ಟೇಟಿನ ಲೈನ್ ಮನೆಗಳ ಮುಂದೆ ವಿಳಾಸ ಕೇಳಲು ನಿಂತೆ. ಬಾಗಿಲಿಗೆ ಬಂದದ್ದು ಆಯಮ್ಮ. ನನಗೆ ಗುರುತು ಸಿಕ್ಕುವ ಮೊದಲೇ ಅವರಿಗೆ ಸಿಕ್ಕಿತ್ತು. ಒಳಗೆ ಕರೆದು ಕೂರಿಸಿ ಬೆಲ್ಲದ ಕಾಪಿ ಕೊಟ್ಟರು. ಹತ್ತಡಿ ಉದ್ದದ ಒಂದೇ ಕೋಣೆ. ತೋಟದ ಕೆಲಸದವರಿಗೆ ಮಾಲೀಕರೇ ವಸತಿ ಕೊಡಬೇಕೆಂದು 1951ರ ಕಾಯ್ದೆ ಹೇಳುತ್ತಿತ್ತು. ಕೈಯಲ್ಲಿ ಕಸುವಿರುವ ತನಕ ಆ ಸೂರು, ಕೆಲಸ ನಿಂತ ದಿನ ಅದೂ ಇಲ್ಲ. ಖಾತೆಯಿಲ್ಲ, ಕಂದಾಯವಿಲ್ಲ, ಚೆಕ್ಕುಬಂದಿಯಿಲ್ಲ.

ನಾನು 1981ರ ತೀರ್ಪಿನ ವಿಷಯ ಹೇಳಿದೆ. ಹೇಳುವಾಗ ನನ್ನ ಗಂಟಲು ಕಟ್ಟಿತು. ಮನೆ ಮೂರನೆಯವರ ಕೈಗೆ ಹೋಗಿರುವುದರಿಂದ ಗೆಲ್ಲುವುದು ಕಷ್ಟ, ಆದರೂ ವಾದಿಸಲು ಜಾಗವಿದೆ, ಆಯಮ್ಮನನ್ನು ಕರೆದುಕೊಂಡು ಬಾ, ಫೀಸು ಬೇಡ ಎಂದು ನಮ್ಮ ವಕೀಲರು ಹೇಳಿದ್ದರು. ಅದನ್ನೂ ಹೇಳಿದೆ. ಆಯಮ್ಮ ಬಹಳ ಹೊತ್ತು ಒಲೆಯ ಕಡೆ ನೋಡುತ್ತಿದ್ದರು. ‘ಬ್ಯಾಡ ಮರಿ’ ಎಂದರು. ‘ಆ ಮನೇಲಿ ಈಗ ಬ್ಯಾರೆಯೋರ ಮಕ್ಳು ಹುಟ್ಟವೆ. ತೊಟ್ಲು ತೂಗೋ ಮನೆ ಖಾಲಿ ಮಾಡ್ಸಿ ನಾ ಎಲ್ಲಿ ಮಲಗ್ಲಿ?’

ಮನೆ ಕಳೆದುಕೊಂಡವರ ಬಾಯಲ್ಲಿ ಬಂದ ಮಾತು ಅದು. ಕಾಲು ಮುಟ್ಟಿ ತಪ್ಪಾಯಿತು ಎಂದೆ. ಏಳು, ಏಳು, ನೀನಾಗ ಹುಡುಗ ಎಂದರು. ಆ ಕ್ಷಮೆಯನ್ನು ನಾನು ಇಂದಿಗೂ ಪೂರ್ತಿ ತೆಗೆದುಕೊಳ್ಳಲಾಗಿಲ್ಲ. ಇಪ್ಪತ್ತು ವರ್ಷದ ಹುಡುಗನಿಗೆ ಇಲ್ಲ ಎಂದು ಹೇಳಲು ಬರುತ್ತದೆ. ಮುಂದೆ ಅವರ ಮಗಳಿಗೆ ಆಶ್ರಯ ಯೋಜನೆಯಲ್ಲಿ ಸೈಟು ಸಿಕ್ಕಿ, ಹಕ್ಕುಪತ್ರ ಅವಳ ಹೆಸರಿಗೇ ಬಂದು, ಆಯಮ್ಮ ಕೊನೆಯ ಕೆಲವು ವರ್ಷ ಅಲ್ಲಿದ್ದರು ಎಂದು ಕೇಳಿದೆ. ಪರಭಾರೆ ಮಾಡಕೂಡದೆಂಬ ಷರತ್ತು ಆ ಹಕ್ಕುಪತ್ರದಲ್ಲಿ ಇರುತ್ತದೆ. ಸರ್ಕಾರದ ಮನೆ ಮಾರಲೂ ಬಿಡುವುದಿಲ್ಲ ಎಂದು ಗೊಣಗುವವರನ್ನು ಕಂಡಿದ್ದೇನೆ. ನನಗೆ ಆ ಒಂದು ಸಾಲು ಬಹಳ ಬೆಲೆಯುಳ್ಳದ್ದು.

ಅರಸೀಕೆರೆಯಲ್ಲಿ ಆ ಮರ ಈಗಿಲ್ಲ. ನೋಂದಣಿಯೆಲ್ಲ ಕಂಪ್ಯೂಟರಿನಲ್ಲಿ, ಹೆಬ್ಬೆಟ್ಟು ಗಾಜಿನ ಮೇಲೆ, ಹಳ್ಳಿಯ ಮನೆಗೆ ಇ-ಸ್ವತ್ತಿನ ನಮೂನೆ 9, 11. ಯಾರ ಮನೆ ಎಲ್ಲಿ ಅಡ ಬಿದ್ದಿದೆ ಎಂದು ಮೊಬೈಲಿನಲ್ಲೇ ಋಣಭಾರ ಪತ್ರ ತೆಗೆಸಿ ನೋಡಬಹುದು. ಒಳ್ಳೆಯದೇ. ಆದರೆ ಒಕ್ಕಣೆ ಈಗ ಮೊದಲೇ ತಯಾರಾಗಿ ಬರುತ್ತದೆ, ಓದಿಹೇಳುವ ವಾಡಿಕೆ ಹೋಗಿದೆ. ನಾನು ಕಂಡ ಮೈಕ್ರೋಫೈನಾನ್ಸಿನ ಕಾಗದಗಳ ಅಕ್ಷರ ಇರುವೆ ಸಾಲಿನಷ್ಟು ಸಣ್ಣದು. ಅಂದು ಆಯಮ್ಮನಿಗೆ ಪ್ರಶ್ನೆ ಕೇಳಲು ಎದುರಿಗೆ ಒಬ್ಬ ಹುಡುಗನಾದರೂ ಕೂತಿದ್ದ.

2025ರ ಫೆಬ್ರುವರಿ 12ರಂದು ಸುಗ್ರೀವಾಜ್ಞೆ ಹೊರಬಿತ್ತು. ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಅದರ ಮುಂದಿನ ಭಾನುವಾರ ನಾನು ಆ ಗೋಡೆಯ ಮನೆಗೆ ಹೋದೆ. ಗೇಟು ತೆಗೆಯುತ್ತಿದ್ದಂತೆ ಆ ಹೆಂಗಸು ಎದ್ದು ನಿಂತು, ‘ಇವತ್ ಇಲ್ಲ ಸಾರ್, ಸೋಮವಾರ ಕಟ್ತೀನಿ’ ಎಂದರು. ನಾನು ಫೈನಾನ್ಸಿನವನಲ್ಲಮ್ಮ, ಕಾಗದ ಓದಿ ಗೊತ್ತಿರುವವನು ಎಂದೆ. ನಂಬಲಿಲ್ಲ. ಕೊನೆಗೆ ಬಾಣಾವರದಲ್ಲಿ ಪಿಯುಸಿ ಓದುವ ಮಗಳು ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರು ತಂದು ನನ್ನ ಮುಂದೆ ಸುರಿದಳು. ಸಂಘದ ಸಾಲದ ಕಾರ್ಡುಗಳು, ಕಂತಿನ ಚೀಟಿಗಳು, ಒಪ್ಪಂದದ ಹಾಳೆಗಳು. ಕನ್ನಡಕ ಒರೆಸಿಕೊಂಡು ಪೂರ್ತಿ ಓದಿದೆ. ಎರಡು ತಾಸು ಹಿಡಿಯಿತು.

ಅಡಮಾನವೆಂಬ ಪದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಎಲ್ಲ ಗುಂಪು ಸಾಲ. ವರ್ಷಕ್ಕೆ ಮೂರು ಲಕ್ಷದೊಳಗಿನ ಆದಾಯದ ಮನೆಗಳಿಗೆ ಕೊಡುವ ಮೈಕ್ರೋಫೈನಾನ್ಸ್ ಸಾಲಕ್ಕೆ ಒತ್ತೆ ಇರುವುದಿಲ್ಲ ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮವೇ ಇದೆ. ಅಂದು ನಾನು ಅಡಮಾನವನ್ನು ಕ್ರಯವೆಂದು ಬರೆದಿದ್ದೆ. ಇಲ್ಲಿ ಅಡಮಾನವೇ ಆಗದ ಮನೆಯ ಮೇಲೆ ಅಡಮಾನವೆಂದು ಬರೆದುಹೋಗಿದ್ದರು. ತಪ್ಪು ಪದ ಆವಾಗಲೂ ಈವಾಗಲೂ ಮನೆಯ ಹೆಂಗಸಿನ ತಲೆಯ ಮೇಲೆಯೇ ಕೂತಿತ್ತು.

ಸಾಲ ನಿಮ್ಮದು, ತೀರಿಸಬೇಕು, ಅದನ್ನು ಮುಚ್ಚಿಟ್ಟು ಹೇಳಲಾರೆ ಎಂದೆ. ಆದರೆ ಗೋಡೆ ಫೈನಾನ್ಸಿನವರದ್ದಲ್ಲ, ಯಾರೂ ಇದಕ್ಕೆ ಬೀಗ ಹಾಕುವಂತಿಲ್ಲ. ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ, 15100ಕ್ಕೆ ಫೋನು ಮಾಡಿದರೂ ಆಗುತ್ತದೆ ಎಂದೆಲ್ಲ ಹೇಳಿದೆ. 1987ರ ಕಾಯ್ದೆ ಅದು, ಜಾರಿಗೆ ಬಂದದ್ದು 1995ರ ನವೆಂಬರ್ 9ಕ್ಕೆ. ನಾನು ಅರೇಹಳ್ಳಿಯಲ್ಲಿ ಬೆಲ್ಲದ ಕಾಪಿ ಕುಡಿದ ಮರುವರ್ಷ.

ಅರ್ಜಿ ಬರೆಯಲು ಪೆನ್ನು ತೆಗೆದೆ. ಮಗಳು ನಾನೇ ಬರೀತೀನಿ ಅಂಕಲ್ ಎಂದು ನೋಟ್‌ಬುಕ್ಕಿನ ಹಾಳೆ ಹರಿದಳು. ನಾನು ಹೇಳಿದ್ದನ್ನೆಲ್ಲ ಬರೆಯಲಿಲ್ಲ; ನಡುವೆ ನಿಲ್ಲಿಸಿ, ಅಮ್ಮ, ಅವತ್ತು ಅವರು ನಿಜವಾಗಿ ಏನಂದ್ರು ಎಂದು ಕೇಳಿ ತಾಯಿಯ ಮಾತನ್ನೇ ಬರೆದಳು. ಅಕ್ಷರ ಸ್ವಲ್ಪ ಸೊಟ್ಟ. ಮನೆಯ ಗುರುತಿಗೆ ನಾಲ್ಕು ದಿಕ್ಕಿನ ಎಲ್ಲೆ ಹಾಕು ಎಂದದ್ದಕ್ಕೆ ಎದ್ದು ಹೋಗಿ ಮನೆಯ ಸುತ್ತ ಒಂದು ಸಲ ನಡೆದು ಬಂದಳು.

‘ಕೊನೇಲಿ ನಿಮ್ ಹೆಸ್ರು ಹಾಕ್ಲಾ?’

ನಿನ್ನ ಹೆಸರು ಹಾಕು, ಅದರ ಹಿಂದೆ ಬಿಕ್ಕಲಂ ಅಂತ ಬರಿ ಎಂದೆ. ಆ ಪದ ಅವಳು ಕೇಳಿರಲಿಲ್ಲ. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.

ತಾಯಿ ರುಜು ಹಾಕುವ ಮುಂಚೆ, ಒಂದ್ಸಲ ಓದು ಎಂದರು. ಮಗಳು ನಿಂತುಕೊಂಡು ಜೋರಾಗಿ ಓದತೊಡಗಿದಳು. ಹೊರಗೆ ಆಕೆಯ ಸೋದರಮಾವ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಎರಡು ಕೈ ಬಳಿದು ಆಗಿತ್ತು, ಕೆಂಪು ಇನ್ನೂ ಕಾಣುತ್ತಿತ್ತು. ಮೂರನೇ ಕೈಗೆ ಬಕೆಟ್ಟಿನಲ್ಲಿ ಸುಣ್ಣ ಕಲಸುತ್ತ ಅವರೂ ಕೇಳಿಸಿಕೊಳ್ಳುತ್ತಿದ್ದರು.